ಅಧಿಕ ವರ್ಷದ ಮುಷ್ಕರ

2025ರ ಆಗಸ್ಟ್ 5, ಮಂಗಳವಾರ. ಹಿಂದಿನ ರಾತ್ರಿಯೇ ನಮ್ಮ ಆಫೀಸಿನ ವಾಟ್ಸ್ಆ್ಯಪ್ ಗ್ರೂಪಿಗೆ ಮೆಸೇಜ್ ಬಂದಿತ್ತು: ನಾಳೆ ಸಾರಿಗೆ ಮುಷ್ಕರ, ಬೇಕಾದವರು ಮನೆಯಿಂದಲೇ ಕೆಲಸ ಮಾಡಬಹುದು. ಅದರ ಕೆಳಗೆ ಹದಿನಾಲ್ಕು ಹೆಬ್ಬೆರಳು, ಎರಡು ಕುಣಿಯೋ ಗೊಂಬೆ. ಬೆಳಗ್ಗೆ ಎದ್ದು ನೋಡಿದರೆ ಬೆಂಗಳೂರಿನಲ್ಲಿ ಮೆಟ್ರೊ ಓಡ್ತಿತ್ತು, ಬಿಎಂಟಿಸಿ ಬಸ್ಸುಗಳೂ ಸಾಕಷ್ಟು ಓಡ್ತಿದ್ದವು. ಆದರೂ ಸಿಕ್ಕಿದ್ದನ್ನ ಬಿಡೋದು ಯಾಕೆ ಅಂತ ನಾನು ಬನಿಯನ್ನಿನಲ್ಲೇ ಲ್ಯಾಪ್‌ಟಾಪ್ ತೆರೆದು ಕೂತೆ. ನನ್ನ ಪಾಲಿನ ಮುಷ್ಕರ ಅಂದ್ರೆ ಅಷ್ಟೇ. ಸುಳ್ಳು ಯಾಕೆ ಹೇಳಲಿ, ಖುಷಿಯಾಗಿತ್ತು.

ಎಂಟೂವರೆಗೆ ಅವ್ವನ ಫೋನ್ ಬಂತು.

"ಬಸ್ಸೇ ಬರ್ನಿಲ್ಲ ಕಣ್ ಮಗ. ಒಂದೂವರೆ ಗಂಟೆ ಕುಂತಿದ್ದು ವಾಪಸ್ ಬಂದ್ಬುಟ್ಟೆ."

ಅವತ್ತು ಅವ್ವನಿಗೆ ಹಾಸನದ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚಿನ ಟೆಸ್ಟ್ ಇತ್ತು. ತಾರೀಕು ಕೊಟ್ಟು ತಿಂಗಳಾಗಿತ್ತು. ನಮ್ಮೂರು ಅರಕಲಗೂಡಿನಿಂದ ಕೊಣನೂರಿನ ಕಡೆ ಹೋಗಿ, ಮೇನ್ ರೋಡಿನಿಂದ ಒಳಗೆ ನಾಲ್ಕು ಕಿಲೋಮೀಟರ್. ಬೆಳಗ್ಗೆ ಏಳಕ್ಕೆ ಒಂದು ಬಸ್ಸು, ಅದೇ ಅರಕಲಗೂಡಿಗೆ ಹೋಗಿ ಅಲ್ಲಿಂದ ಹಾಸನ. ಅದು ತಪ್ಪಿದರೆ ಮತ್ತೆ ಹತ್ತೂವರೆಗೆ. ಅವ್ವ ಐದಕ್ಕೆ ಎದ್ದು ಹಾಲು ಕರೆದು, ಡೈರಿಗೆ ಹಾಕಿ, ತಂಗಳು ರೊಟ್ಟಿ ಕಟ್ಟಿಕೊಂಡು, ಜಿಟಿಜಿಟಿ ಮಳೆಯಲ್ಲಿ ಅರಳಿಕಟ್ಟೆ ಹತ್ತಿರ ಹೋಗಿ ಕೂತಿದ್ದಳು. ಮುಷ್ಕರ ಅನ್ನೋದು ಟಿವಿಯಲ್ಲಿ ಬಂದಿತ್ತಂತೆ. ಆದರೆ ಟಿವಿಯಲ್ಲಿ ಕೋರ್ಟು ಬೇಡ ಅಂದಿದೆ ಅಂತಲೂ ಬಂದಿತ್ತು. ಹಾಗಾಗಿ ಬರಬಹುದು ಅಂದುಕೊಂಡಳು.

ನಾನು ಕೂಡಲೇ ಮಗನ ಪ್ರತಾಪ ತೋರಿಸೋಕೆ ಹೊರಟೆ. ಟ್ಯಾಕ್ಸಿ ಆ್ಯಪ್ ತೆರೆದರೆ ನಮ್ಮೂರಿನ ನಕ್ಷೆಯಲ್ಲಿ ಒಂದು ಕಾರೂ ಇಲ್ಲ. ಪಕ್ಕದೂರಿನ ಬಾಡಿಗೆ ಕಾರಿನವನಿಗೆ ಫೋನ್ ಮಾಡಿದೆ. ಹೋಗಿ ಬರೋಕೆ 2,200 ರೂಪಾಯಿ ಅಂದ. ಸರಿ ಬಾ ಅಂದೆ. ಅವ್ವನಿಗೆ ಹೇಳಿದರೆ, "ಎಲ್ಡ್ ಸಾವ್ರ ಕೊಟ್ಟು ತೋರ್ಸಕ್ಕೆ ನನ್ ಕಣ್ಣೇನ್ ಚಿನ್ನದ್ದಾ?" ಅಂತ ಫೋನ್ ಇಟ್ಟಳು. ಆಸ್ಪತ್ರೆಯವರು ಕೊಟ್ಟ ಮುಂದಿನ ತಾರೀಕು ಮೂರು ವಾರದ ನಂತರ.

ಇದೇನು ಮಹಾ ದುರಂತವಲ್ಲ, ನಂಗೂ ಗೊತ್ತು. ಕಣ್ಣಿನ ಪೊರೆ ಮೂರು ವಾರ ಕಾಯುತ್ತೆ. ಅವತ್ತು ಆ ಕಟ್ಟೆಯ ಮೇಲೆ ಕೂತಿದ್ದ ಉಳಿದವರ ಕಥೆ ಅಷ್ಟು ಸಲೀಸಲ್ಲ. ನಮ್ಮ ಮನೆಯ ಹಿಂದಿನ ಬೀದಿಯ ಹುಡುಗಿಯೊಬ್ಬಳು ಹಾಸನದ ಸೀರೆ ಅಂಗಡಿಯಲ್ಲಿ ಸೇಲ್ಸ್ ಕೆಲಸ ಮಾಡ್ತಾಳೆ. ದಿನಕ್ಕೆ 350 ರೂಪಾಯಿ. ಅವಳು ಆ ಕೆಲಸಕ್ಕೆ ಸೇರಿದ್ದೇ 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ. ಅದಕ್ಕೆ ಮುಂಚೆ ಸಂಬಳದ ದೊಡ್ಡ ಪಾಲು ಟಿಕೆಟ್ಟಿಗೇ ಹೋಗುತ್ತೆ ಅಂತ ಅವರಪ್ಪ ಕಳಿಸ್ತಿರಲಿಲ್ಲ. ಆ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಸೀರೆ ಅಂಗಡಿಯಲ್ಲಿ ಆ ವಾರ ರಜೆ ಕೇಳೋದು ಅಂದ್ರೆ ಕೆಲಸ ಬಿಡ್ತೀನಿ ಅಂದ ಹಾಗೆ. ಅವಳು ಯಾರದೋ ಬೈಕಿನಲ್ಲಿ ಅರಕಲಗೂಡಿಗೆ ಬಂದು, ಅಲ್ಲಿಂದ ಹದಿನೆಂಟು ಜನ ತುಂಬಿದ್ದ ವ್ಯಾನಿನಲ್ಲಿ ಹಾಸನಕ್ಕೆ ಹೋದಳು. ಹೋಗೋಕೆ ನೂರು, ಬರೋಕೆ ನೂರೈವತ್ತು; ಸಂಜೆ ಕತ್ತಲಾಗಿತ್ತಲ್ಲ, ಅದಕ್ಕೆ ರೇಟು ಜಾಸ್ತಿ. ಇಡೀ ದಿನ ನಿಂತು ಸೀರೆ ಬಿಡಿಸಿ ಮಡಿಸಿ ಅವಳಿಗೆ ಉಳಿದಿದ್ದು ನೂರು ರೂಪಾಯಿ.

ಅರಕಲಗೂಡಿಗೆ ರೈಲಿಲ್ಲ. ಹೊಳೆನರಸೀಪುರಕ್ಕಿದೆ, ಹಾಸನಕ್ಕಿದೆ, 2017ರಿಂದ ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿಗೂ ಇದೆ. ದೇಶಕ್ಕೊಬ್ಬ ಪ್ರಧಾನಿಯನ್ನ ಕೊಟ್ಟ ಜಿಲ್ಲೆ ನಮ್ಮದು, ಆದರೆ ಅರಕಲಗೂಡು ತಾಲ್ಲೂಕಿನವರು ರೈಲು ಹತ್ತಬೇಕಾದರೆ ಮೊದಲು ಬಸ್ಸು ಹತ್ತಬೇಕು. ಇಲ್ಲಿ ಸರ್ಕಾರಿ ಬಸ್ಸು ಅನ್ನೋದು ಹತ್ತರಲ್ಲಿ ಒಂದು ಆಯ್ಕೆ ಅಲ್ಲ. ಬೆಳಗಿನ ಬಸ್ಸಿನಲ್ಲಿ ಕಾಲೇಜಿನ ಮಕ್ಕಳಿರ್ತಾರೆ, ಕೋರ್ಟಿಗೆ ಹೋಗೋರು, ಮಾರ್ಕೆಟ್ಟಿಗೆ ಸೊಪ್ಪಿನ ಮೂಟೆ ತಗೊಂಡು ಹೋಗೋ ಹೆಂಗಸರು. ಹಾಸನದಲ್ಲಿ ರೂಮು ಮಾಡಿಕೊಂಡು ಓದೋ ಮಗನಿಗೆ ಅಂತ ಡ್ರೈವರ್ ಸೀಟಿನ ಪಕ್ಕ ಇಟ್ಟು ಕಳಿಸಿದ ಊಟದ ಡಬ್ಬಿ ಇರುತ್ತೆ. ನಾನೂ ಪಿಯುಸಿಯಲ್ಲಿ ಆ ಡಬ್ಬಿ ತಿಂದೇ ಓದಿದವನು. ಈ ಬಸ್ಸು ರಾತ್ರಿ ನಮ್ಮೂರಲ್ಲೇ ಹಾಲ್ಟ್. ಡ್ರೈವರ್ರು, ಕಂಡಕ್ಟರ್ರು ಸೀಟಿನ ಮೇಲೆ ಬೆಡ್‌ಶೀಟ್ ಹಾಸಿಕೊಂಡು ಮಲಗ್ತಾರೆ, ಬೆಳಗ್ಗೆ ಯಾರದಾದರೂ ಮನೆಯಲ್ಲಿ ಒಂದು ಬಕೆಟ್ ಬಿಸಿನೀರು ಇಸ್ಕೋತಾರೆ. ಸೊಳ್ಳೆ ಕಾಟಕ್ಕೆ ಹಚ್ಚೋ ಬತ್ತಿಗೂ ಅವರದೇ ದುಡ್ಡು. ಅವರ ಮೇಲೆ ನಮ್ಮೂರಿನವರಿಗೆ ಸಿಟ್ಟಿಲ್ಲ. ಬಸ್ಸು ಬರ್ನಿಲ್ಲ ಅಂದ ಅವ್ವ ಆ ಡ್ರೈವರಿಗೆ ಬಯ್ಯಲಿಲ್ಲ.

ಬೈದಿದ್ದು ನಮ್ಮ ಕಾಲೇಜು ಗೆಳೆಯರ ಗ್ರೂಪು. ಹತ್ತು ಗಂಟೆ ಹೊತ್ತಿಗೆ ಅಲ್ಲಿ ಎರಡು ಪಾರ್ಟಿ ಆಗಿತ್ತು. ಒಬ್ಬ, "ಎಲ್ಲ ಡಿಸ್ಮಿಸ್ ಮಾಡಿ ಪ್ರೈವೇಟಿಗೆ ಕೊಟ್ಟು ಬಿಸಾಕಬೇಕು" ಅಂದ. ಇನ್ನೊಬ್ಬ, "ಮುಷ್ಕರ ಕಾರ್ಮಿಕರ ಹಕ್ಕು, ಜನ ಸ್ವಲ್ಪ ಸಹಿಸಿಕೊಳ್ಳಬೇಕು" ಅಂದ. ಮೊದಲನೆಯವನು ಕಾರಿನಲ್ಲಿ ಆಫೀಸಿಗೆ ಹೋಗಿದ್ದ, ಎರಡನೆಯವನು ಮೆಟ್ರೊದಲ್ಲಿ. ಸಹಿಸಿಕೊಳ್ಳಬೇಕಾದ ಆ 'ಜನ' ಗ್ರೂಪಿನಲ್ಲಿ ಇರಲಿಲ್ಲ.

ಪ್ರೈವೇಟಿಗೆ ಕೊಡಿ ಅನ್ನೋ ಗೆಳೆಯನಿಗೆ ಒಂದೇ ಪ್ರಶ್ನೆ. ಬೆಂಗಳೂರು–ಹಾಸನ ನಡುವೆ ಬಸ್ಸು ಬಿಡೋಕೆ ಯಾವ ಪ್ರೈವೇಟಿನವನಾದರೂ ನಾಳೆಯೇ ಬರ್ತಾನೆ. ನಮ್ಮೂರಿಗೆ ರಾತ್ರಿ ಎಂಟೂವರೆಗೆ ಹನ್ನೊಂದು ಜನರನ್ನ ಕರ್ಕೊಂಡು ಬಂದು ಅಲ್ಲೇ ಮಲಗಿ ಬೆಳಗ್ಗೆ ಏಳಕ್ಕೆ ಹೊರಡೋಕೆ ಯಾರು ಬರ್ತಾನೆ? ಮುಷ್ಕರದ ದಿನ ಬಂದ ವ್ಯಾನಿನವನೂ ನಮ್ಮೂರೊಳಗೆ ಬರಲಿಲ್ಲ. ಅವನು ನಿಂತಿದ್ದು ಅರಕಲಗೂಡಿನಲ್ಲಿ, ಜನ ತುಂಬೋ ಕಡೆ. ಕತ್ತಲಾದ ಮೇಲೆ ಆ ಹುಡುಗಿ ಕೊಟ್ಟ ನೂರೈವತ್ತು ರೂಪಾಯಿಯಲ್ಲೇ ಗೊತ್ತಾಗುತ್ತಲ್ಲ, ಮಾರ್ಕೆಟ್ಟಿಗೆ ಬಿಟ್ಟರೆ ನಮ್ಮ ಕಡೆಯ ರೂಟಿನ ರೇಟು ಎಷ್ಟಾಗುತ್ತೆ ಅಂತ.

ಈಗ ವಿಷಯಕ್ಕೆ ಬರೋಣ. ಈ ಮುಷ್ಕರ ಆಕಾಶದಿಂದ ಬಿತ್ತಾ? ಸಾರಿಗೆ ನಿಗಮಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆ. 2016ರ ಜನವರಿ 1, 2020ರ ಜನವರಿ 1, 2024ರ ಜನವರಿ 1. ಈ ಇಸವಿಗಳನ್ನ ಇನ್ನೊಂದು ಸಲ ನೋಡಿ. ಮೂರೂ ಅಧಿಕ ವರ್ಷ. ಫೆಬ್ರವರಿಗೆ 29 ದಿನ ಇರುತ್ತೆ ಅಂತ ಕ್ಯಾಲೆಂಡರ್ ಪ್ರಿಂಟ್ ಮಾಡೋನಿಗೆ ವರ್ಷದ ಮುಂಚೆಯೇ ಗೊತ್ತಿರುತ್ತೆ. ಸಂಬಳ ಪರಿಷ್ಕರಿಸಬೇಕು ಅಂತ ಮಾತ್ರ ಸರ್ಕಾರಕ್ಕೆ ಬಸ್ಸು ನಿಂತ ಮೇಲೆ ಗೊತ್ತಾಗುತ್ತೆ.

2016ರಲ್ಲಿ ಏನಾಯ್ತು? ಜುಲೈ 25ರಿಂದ ಮೂರು ದಿನ ಬಸ್ಸಿಲ್ಲ. ನೌಕರರು 35% ಏರಿಕೆ ಕೇಳಿದ್ದರು, ಕೊನೆಗೆ ಒಪ್ಪಂದ ಆಗಿದ್ದು 12.5%ಕ್ಕೆ. ಈ ಎರಡು ಅಂಕಿಯ ನಡುವೆ ಎಲ್ಲೋ ಒಂದು ಕಡೆ ಬಂದು ನಿಲ್ಲೋದೇ ಅಂತ ಇಬ್ಬರಿಗೂ ಮೊದಲೇ ಗೊತ್ತಿರಲಿಲ್ವಾ? 2020ರದ್ದು ಕೋವಿಡ್ ವರ್ಷ, ಆ ರಿಯಾಯಿತಿ ಕೊಡೋಣ. ಆದರೂ ಡಿಸೆಂಬರ್ 11ರಿಂದ ನಾಲ್ಕು ದಿನ ಬಸ್ ನಿಂತಿತು; ನಮ್ಮನ್ನ ಸರ್ಕಾರಿ ನೌಕರರು ಅಂತ ಪರಿಗಣಿಸಿ ಅನ್ನೋದು ಮುಖ್ಯ ಬೇಡಿಕೆ. ಸರ್ಕಾರ ಬರವಣಿಗೆಯಲ್ಲಿ ಭರವಸೆ ಕೊಟ್ಟು ಮುಗಿಸಿತು. ಆ ಕಾಗದ ನಂಬಿ ಕೂತವರು 2021ರ ಏಪ್ರಿಲ್ 7ಕ್ಕೆ ಮತ್ತೆ ಬೀದಿಗೆ ಬಂದರು. ಈ ಸಲ ಎರಡು ವಾರ, ನಡುವೆ ಯುಗಾದಿ. ಕೈಗೆ ಸಂಬಳ ಬರದ ನೌಕರರ ಮನೆಯವರು ತಟ್ಟೆ ಬಡಿದು ಪ್ರತಿಭಟಿಸಿದರು. ಕಡೆಗೆ ಹೈಕೋರ್ಟ್ ಮಧ್ಯೆ ಬಂದ ಮೇಲೆ ಮುಗಿಯಿತು. ವಜಾ, ಅಮಾನತು, ವರ್ಗಾವಣೆ ಅಂತ ದೊಡ್ಡ ಸಂಖ್ಯೆಯ ನೌಕರರು ಅದರ ಏಟು ತಿಂದರು. ಹಬ್ಬಕ್ಕೆ ಊರಿಗೆ ಹೋಗೋಕಾಗದೆ ಬೆಂಗಳೂರಿನ ರೂಮಿನಲ್ಲಿ ನಾನು ಬೇವು-ಬೆಲ್ಲದ ಬದಲು ಮ್ಯಾಗಿ ತಿಂದಿದ್ದೆ. ಅದು ಬಿಡಿ, ನನ್ನದು ದೊಡ್ಡ ಕಷ್ಟವಲ್ಲ.

2020ರ ಜನವರಿಯಿಂದ ಆಗಬೇಕಿದ್ದ ಏರಿಕೆ ಕೊನೆಗೂ ಬಂದಿದ್ದು ಯಾವಾಗ? 2023ರ ಮಾರ್ಚ್‌ನಲ್ಲಿ, 15%. ಅದು ಲೆಕ್ಕಕ್ಕೆ ಬಂದಿದ್ದು ಮಾರ್ಚ್ 1ರಿಂದ. ಹಾಗಾದರೆ ನಡುವಿನ 38 ತಿಂಗಳು? ಅದೇ ಈ ಸಲದ ಜಗಳ. ಆ 38 ತಿಂಗಳ ಬಾಕಿ 1,700 ಕೋಟಿಗೂ ಹೆಚ್ಚು, ಅದನ್ನ ಕೊಡಿ. 2024ರ ಜನವರಿಯಿಂದ ಆಗಬೇಕಾದ ಹೊಸ ಪರಿಷ್ಕರಣೆ ಮಾಡಿ ಅಂತ ನೌಕರರು. 14 ತಿಂಗಳದ್ದು ಮಾತ್ರ ಅಂತ ಸರ್ಕಾರ. ಮುಖ್ಯಮಂತ್ರಿಗಳು ಸಂಘಟನೆಯವರನ್ನ ಕೂರಿಸಿಕೊಂಡು ಮಾತಾಡಿದ್ದು ಆಗಸ್ಟ್ 4ಕ್ಕೆ. ಮುಷ್ಕರ 5ಕ್ಕೆ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆಯೋ ಹುಡುಗರನ್ನ ನಾವು ಏನಂತೀವಿ?

ಸರ್ಕಾರ ಎಲ್ಲ ಕೆಲಸವನ್ನೂ ಹೀಗೆ ನಿಧಾನವಾಗಿ ಮಾಡುತ್ತಾ ಅಂದ್ರೆ, ಇಲ್ಲ. ಬಸ್ ದರ 15% ಏರಿಸೋಕೆ 2025ರ ಜನವರಿ 2ಕ್ಕೆ ಸಂಪುಟ ಒಪ್ಪಿತು, 5ಕ್ಕೆ ನಮ್ಮಪ್ಪ ಹೆಚ್ಚು ದುಡ್ಡು ಕೊಟ್ಟು ಟಿಕೆಟ್ ತಗೊಂಡ. ಮೂರೇ ದಿನ. ಅದೇ ವರ್ಷ ಮಾರ್ಚ್‌ನಲ್ಲಿ ಮಂತ್ರಿಗಳ, ಶಾಸಕರ ಸಂಬಳ ಏರಿಸೋ ಮಸೂದೆ ಸದನದ ಗದ್ದಲದ ಮಧ್ಯೆಯೇ ಚರ್ಚೆ ಇಲ್ಲದೆ ಪಾಸಾಯ್ತು. ಶಾಸಕರ ಸಂಬಳ 40,000ದಿಂದ 80,000. ಯಾವ ಶಾಸಕರೂ ಅದಕ್ಕಾಗಿ ಕೆಲಸ ನಿಲ್ಲಿಸಬೇಕಾಗಲಿಲ್ಲ, ತಟ್ಟೆ ಬಡಿಯಬೇಕಾಗಲಿಲ್ಲ. ಡ್ರೈವರ್ ಕಂಡಕ್ಟರ್ ಫೈಲು ಮಾತ್ರ 2024ರ ಜನವರಿಯಿಂದ 2025ರ ಆಗಸ್ಟ್‌ವರೆಗೆ 19 ತಿಂಗಳು ಟೇಬಲ್ ಮೇಲೆ. 2016ರಲ್ಲಿ ಕಾಂಗ್ರೆಸ್, 2020–21ರಲ್ಲಿ ಬಿಜೆಪಿ, ಈಗ ಮತ್ತೆ ಕಾಂಗ್ರೆಸ್. ಬಣ್ಣ ಬದಲಾಗಿದೆ, ಚಾಳಿ ಬದಲಾಗಿಲ್ಲ.

ಇದನ್ನ ನೋಡಿ ನೌಕರರು ಕಲಿತ ಪಾಠವೂ ಒಂದೇ: ಗಲಾಟೆ ಮಾಡಿದಾಗ ಮಾತ್ರ ದುಡ್ಡು. ಸಾರಿಗೆಯವರೊಬ್ಬರೇ ಅಲ್ಲ. 2023ರ ಮಾರ್ಚ್ 1ಕ್ಕೆ ರಾಜ್ಯ ಸರ್ಕಾರಿ ನೌಕರರು ಅನಿರ್ದಿಷ್ಟಾವಧಿ ಮುಷ್ಕರಕ್ಕೆ ಇಳಿದರು. ಅನಿರ್ದಿಷ್ಟಾವಧಿ ಅನ್ನೋದು ಅರ್ಧ ದಿನವೂ ಉಳಿಯಲಿಲ್ಲ, 17% ಮಧ್ಯಂತರ ಪರಿಹಾರ ಘೋಷಣೆಯಾಯ್ತು. ಮೇ 10ಕ್ಕೆ ವಿಧಾನಸಭೆ ಚುನಾವಣೆ ಇತ್ತು ಅನ್ನೋದನ್ನ ನೆನಪಿಟ್ಟುಕೊಂಡು ಓದಿ. ಸಾರಿಗೆ ನೌಕರರ 15% ಬಂದಿದ್ದೂ ಅದೇ ತಿಂಗಳು. ಚುನಾವಣೆ ಇಲ್ಲದ ಹೊತ್ತಿನಲ್ಲಿ ಕೇಳಿದವರ ಪಾಡು ಬೇರೆ. ಹತ್ತಾರು ಆ್ಯಪ್‌ಗಳ ಕೆಲಸ ತಲೆ ಮೇಲೆ ಹೇರಿಸಿಕೊಂಡ ಗ್ರಾಮ ಆಡಳಿತಾಧಿಕಾರಿಗಳು 2024ರ ಸೆಪ್ಟೆಂಬರಿನಲ್ಲಿ ಕೂತರು, 2025ರ ಫೆಬ್ರವರಿಯಲ್ಲಿ ಮತ್ತೆ ಕೂರಬೇಕಾಯ್ತು. ಅವರು ಕೂತಷ್ಟು ದಿನ ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ ಬಾಗಿಲಲ್ಲಿ ಮಕ್ಕಳನ್ನ ಕರ್ಕೊಂಡು ನಿಂತವರು ಯಾರು ಅಂತೀರಾ? ಮತ್ತೆ ಅದೇ ಅರಳಿಕಟ್ಟೆಯ ಜನ.

ಇಬ್ಬರ ಜಗಳ ಮೂರನೆಯವನಿಗೆ ಲಾಭ ಅಂತಾರೆ. ಇಲ್ಲಿ ಉಲ್ಟಾ. ಸರ್ಕಾರಕ್ಕೂ ಸಂಘಟನೆಗೂ ಜಗಳ. ಅದರ ಬಿಲ್ಲು ಬರೋದು ಮೂರನೆಯವನಿಗೆ. ಬಸ್ಸು ನಿಂತ ದಿನ ಯಾವ ಮಂತ್ರಿಯ ಕಾರೂ ನಿಲ್ಲಲ್ಲ. ನಷ್ಟ ತಮ್ಮ ಮನೆ ಬಾಗಿಲಿಗೆ ಬರದೇ ಇರೋದರಿಂದಲೇ ಅವರು ಕೊನೇ ರಾತ್ರಿವರೆಗೆ ಕಾಯೋದು. ಸಾರ್ವಜನಿಕ ಸೇವೆಯಲ್ಲಿ ಮುಷ್ಕರ ಮಾಡೋಕೆ ಕನಿಷ್ಠ 14 ದಿನ ಮುಂಚೆ ನೋಟಿಸ್ ಕೊಡಬೇಕು ಅಂತ ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯಿದೆ ಹೇಳುತ್ತಿತ್ತು. ಆ 14 ದಿನ ಇಟ್ಟಿರೋದು ಮಾತಾಡೋಕೆ. ನಮ್ಮಲ್ಲಿ ಅದನ್ನ ಬಳಸೋದು ಹೇಳಿಕೆ ಕೊಡೋಕೆ.

ಹಾಗಂತ ಸಂಘಟನೆಯವರನ್ನ ಸುಮ್ಮನೆ ಬಿಡೋಕೆ ನಂಗೆ ಮನಸ್ಸಿಲ್ಲ. 2021ರಲ್ಲಿ ಯುಗಾದಿಯ ವಾರ, 2025ರಲ್ಲಿ ವರಮಹಾಲಕ್ಷ್ಮಿಯ ವಾರ. ಇದು ಕಾಕತಾಳೀಯ ಅಂತ ನಂಬೋಕೆ ಕಷ್ಟ. ಜನಕ್ಕೆ ಜಾಸ್ತಿ ನೋವಾದಷ್ಟೂ ಸರ್ಕಾರಕ್ಕೆ ಬೇಗ ಕೇಳಿಸುತ್ತೆ ಅನ್ನೋದೇ ಲೆಕ್ಕ. ಸೀರೆ ಅಂಗಡಿಯ ಹುಡುಗಿಯ ಇನ್ನೂರೈವತ್ತು ರೂಪಾಯಿಯನ್ನ ಕಿತ್ತುಕೊಂಡು ವಿಧಾನಸೌಧಕ್ಕೆ ಬೆದರಿಕೆ ಹಾಕೋದು ಯಾವ ಊರಿನ ಹೋರಾಟ? ಅವಳದೂ ದಿನಗೂಲಿ ಸ್ವಾಮಿ, ನಿಮ್ಮದು ತಿಂಗಳ ಸಂಬಳ. ನಿಮ್ಮ ಬಾಕಿಗೆ ಲೆಕ್ಕ ಇದೆ, ಮುಂದೊಂದು ದಿನ ಅರ್ಧವಾದರೂ ಬರುತ್ತೆ. ಅವಳ ಬಾಕಿಯನ್ನ ಯಾವ ಸಭೆಯಲ್ಲೂ ಯಾರೂ ಚರ್ಚೆ ಮಾಡಲ್ಲ.

ಬೇರೆ ದಾರಿ ಇಲ್ವಾ ಅಂತ ಕೇಳಬಹುದು. ಇಟಲಿಯನ್ನ ನೋಡಿ. ಮುಷ್ಕರಕ್ಕೆ ಹೆಸರುವಾಸಿ ದೇಶ. ಅಲ್ಲಿ 1990ರಲ್ಲೇ ಒಂದು ಕಾನೂನು ಬಂತು. ಸಾರ್ವಜನಿಕ ಸೇವೆಯವರು ಮುಷ್ಕರ ಮಾಡಬಹುದು, ಆದರೆ ಜನರಿಗೆ ತೀರಾ ಬೇಕಾದಷ್ಟು ಸೇವೆ ಕೊಡಲೇಬೇಕು. ಕೆಲಸದ ದಿನಗಳಲ್ಲಿ ಸ್ಥಳೀಯ ರೈಲುಗಳಿಗೆ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9 ಅಂತ ಕಾದಿಟ್ಟ ಸಮಯ ಇದೆ. ಆ ಹೊತ್ತಿನಲ್ಲಿ ಪಟ್ಟಿಯಲ್ಲಿರೋ ರೈಲು ಓಡಲೇಬೇಕು. ಉಳಿದ ಹೊತ್ತು ಮುಷ್ಕರ. ಕೆಲಸಕ್ಕೆ ಹೋಗೋನು ಹೋಗ್ತಾನೆ, ಮನೆಗೆ ಬರೋನು ಬರ್ತಾನೆ, ನಿಗಮಕ್ಕೆ ಬೀಳೋ ಏಟೂ ಬೀಳುತ್ತೆ. ನಮ್ಮಲ್ಲಿರೋದು ಎಸ್ಮಾ. ಪ್ರತಿ ಮುಷ್ಕರಕ್ಕೂ ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬರುತ್ತೆ. ಅದು ಯಾರನ್ನ ಜೈಲಿಗೆ ಹಾಕಬಹುದು ಅಂತ ಹೇಳುತ್ತೆ, ನಮ್ಮೂರಿನ ಏಳು ಗಂಟೆ ಬಸ್ಸು ಓಡಬೇಕು ಅಂತ ಹೇಳಲ್ಲ. ಹೆದರಿಸೋಕೆ ಇರೋ ಕಾನೂನು, ಬಸ್ಸು ಓಡಿಸೋಕೆ ಅಲ್ಲ. ಬೆಳಗಿನ ಮೊದಲ ಬಸ್ಸು, ಸಂಜೆಯ ಕೊನೇ ಬಸ್ಸು, ನೈಟ್ ಹಾಲ್ಟ್ ಬಸ್ಸು: ಈ ಮೂರನ್ನ ಮುಟ್ಟಲ್ಲ ಅಂತ ಸಂಘಟನೆಯವರೇ ಮೊದಲು ಘೋಷಿಸಲಿ. ನಾಳೆ ಮುಷ್ಕರ ಮಾಡಿದರೂ ನಮ್ಮೂರಿನ ಜನ ಬಿಸಿನೀರಿನ ಜೊತೆ ಕಾಫಿನೂ ಕೊಟ್ಟು ಕಳಿಸ್ತಾರೆ.

ಜಪಾನಿನ ಒಕಾಯಾಮದಲ್ಲಿ 2018ರಲ್ಲಿ ಬಸ್ ಡ್ರೈವರುಗಳು ಇನ್ನೂ ಮಜವಾದ ಮುಷ್ಕರ ಮಾಡಿದ್ದರು. ಬಸ್ಸು ಟೈಮಿಗೆ ಸರಿಯಾಗಿ ಓಡ್ತಿತ್ತು, ಟಿಕೆಟ್ ದುಡ್ಡು ಮಾತ್ರ ತಗೊಳ್ಳಲಿಲ್ಲ. ಕಂಪನಿಗೆ ನಷ್ಟ, ಜನಕ್ಕೆ ಹಬ್ಬ. ಇದನ್ನ ನಮ್ಮಲ್ಲಿ ಮಾಡಿದರೆ ಇನ್ನೂ ಚೆನ್ನಾಗಿರುತ್ತೆ ಅನ್ನೋದು ನನ್ನ ಕಿತಾಪತಿ ಲೆಕ್ಕ. ಶಕ್ತಿ ಯೋಜನೆಯ ಹಣವನ್ನ ಸರ್ಕಾರ ನಿಗಮಗಳಿಗೆ ಕಟ್ಟಿಕೊಡೋದು ಕಂಡಕ್ಟರ್ ಹರಿಯೋ ಶೂನ್ಯ ಟಿಕೆಟ್ಟಿನ ಲೆಕ್ಕದಲ್ಲಿ. ಒಂದು ದಿನ ಆ ಮಿಷನ್ ಆಫ್ ಆದರೆ ಗಂಡಸರ ದುಡ್ಡೂ ಇಲ್ಲ, ಹೆಂಗಸರ ಲೆಕ್ಕವೂ ಇಲ್ಲ. ಹೌದು, ಟಿಕೆಟ್ ಕೊಡದ ಕಂಡಕ್ಟರನ್ನ ಮನೆಗೆ ಕಳಿಸ್ತಾರೆ. ಬಸ್ಸು ನಿಲ್ಲಿಸಿದವರನ್ನೂ 2021ರಲ್ಲಿ ಮನೆಗೆ ಕಳಿಸಿದ್ದರಲ್ಲ. ಹೇಗೂ ಏಟು ತಿನ್ನೋದಾದರೆ ಬಸ್ಸಿನ ತುಂಬ ಜನ ನಿಮ್ಮ ಪರ ಇರೋವಾಗ ತಿನ್ನೋದು ವಾಸಿ.

ಆಗಸ್ಟ್ 5ರ ಮುಷ್ಕರ ಅವತ್ತೇ ನಿಂತಿತು. ಹೈಕೋರ್ಟ್ ಗದರಿದ ಮೇಲೆ ಸಂಘಟನೆಯವರು ಮುಂದೂಡಿದ್ದೀವಿ ಅಂದರು. ಗಮನಿಸಿ, ಮುಂದೂಡಿದ್ದು. ಅವತ್ತು 38 ತಿಂಗಳ ಬಾಕಿ ಹಾಗೇ ಇತ್ತು, 2024ರ ಪರಿಷ್ಕರಣೆ ಹಾಗೇ ಇತ್ತು. ಅದರ ಮುಂದಿನದು 2028ರ ಜನವರಿ 1ಕ್ಕೆ. ಆ ವರ್ಷವೂ ಫೆಬ್ರವರಿಗೆ 29 ದಿನ.

ಬುಧವಾರ ಏಳಕ್ಕೆ ಸರಿಯಾಗಿ ಬಸ್ಸು ಬಂತಂತೆ. ಅವ್ವನಿಗೆ ಹಾಸನದಲ್ಲಿ ಕೆಲಸ ಇರಲಿಲ್ಲ, ಹಬ್ಬಕ್ಕೆ ಹೂವು ಹಣ್ಣು ತರೋಕೆ ಅಂತ ಅರಕಲಗೂಡಿಗೆ ಹೊರಟಳು.

"ನೆನ್ನೆ ಯಾಕಪ್ಪ ಬರ್ನಿಲ್ಲ?" ಅಂತ ಕಂಡಕ್ಟರನ್ನ ಕೇಳಿದಳಂತೆ.

"ನಮ್ದೂ ಮೂರು ವರ್ಷದ್ದು ಬರ್ಬೇಕು ಕಣಮ್ಮ," ಅಂದನಂತೆ ಅವನು, ಶೂನ್ಯ ಟಿಕೆಟ್ ಹರಿದು ಕೈಗೆ ಕೊಡ್ತಾ.

ಅವ್ವ ಪಕ್ಕದ ಸೀಟಿನಿಂದ ಹೂವಿನ ಬುಟ್ಟಿ ತೆಗೆದು, ಸೀರೆ ಅಂಗಡಿಯ ಹುಡುಗಿಗೆ ಕೂರೋಕೆ ಜಾಗ ಮಾಡಿಕೊಟ್ಟಳು. ಆ ಹುಡುಗಿ ಕೂತವಳೇ ನಿದ್ದೆ ಹೋದಳಂತೆ, ಅರಕಲಗೂಡು ಬರೋವರೆಗೂ ಏಳಲಿಲ್ಲವಂತೆ.